ತೂಗಬಾರದ ಕಲ್ಲು

ತಕ್ಕಡಿ ರಿಪೇರಿ ಮಾಡುವ ಹೆಂಗಸು ಆ ಪೇಟೆಯಲ್ಲಿ ಅವಳೊಬ್ಬಳೇ. ಗಿರಾಕಿಗಳು ಅವಳನ್ನು ಮುಳ್ಳಕ್ಕ ಎನ್ನುತ್ತಿದ್ದರು. ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವ ತನಕ ಅವಳು ಯಾರಿಗೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ನಿಂತ ಮೇಲೆ ಆಡುವ ಮಾತೂ ಸ್ವಲ್ಪ ಚುಚ್ಚುವಂಥದ್ದೇ.

ಅಂಗಡಿ ಎಂದರೆ ಹತ್ತಡಿ ಅಗಲ, ಹದಿನಾಲ್ಕಡಿ ಉದ್ದದ ಒಂದು ಕೋಣೆ. ಬಾಗಿಲ ಬಳಿ ಕೆಲಸದ ಮೇಜು. ಮೇಜಿನ ಮೇಲೆ ಇಕ್ಕಳ, ಅರ, ಸೀಸ ಕರಗಿಸುವ ಕಬ್ಬಿಣದ ಸೌಟು. ಒಳಗಡೆ ಗಾಜಿನ ಪೆಟ್ಟಿಗೆಯಲ್ಲಿ ಪರೀಕ್ಷೆಯ ತಕ್ಕಡಿ. ಉಸಿರು ತಾಗಿದರೂ ಅದರ ಮುಳ್ಳು ಅಲುಗುತ್ತದೆಂದು ಎಂಥ ಸೆಕೆಯಲ್ಲೂ ಆ ಕಡೆ ಫ್ಯಾನ್ ತಿರುಗಿಸುತ್ತಿರಲಿಲ್ಲ. ಅಂಗಡಿಯ ಹಿಂದೆಯೇ ಮನೆ. ಅಲ್ಲಿ ನಡುಕೋಣೆಯ ಕಪಾಟಿನ ಮೇಲೆ, ಅಪ್ಪನ ಫೋಟೋದ ಪಕ್ಕದಲ್ಲಿ ಎರಡು ಕಿಲೋದ ಒಂದು ಕಬ್ಬಿಣದ ಕಲ್ಲು ಕೂತಿತ್ತು. ಅಂಗಡಿಯಲ್ಲಿ ಇಂಥ ತೂಕದ ಕಲ್ಲುಗಳು ನೂರಾರು ಬಂದು ಹೋಗುತ್ತಿದ್ದವು. ಇದು ಮಾತ್ರ ಎಲ್ಲಿಗೂ ಹೋಗುವಂಥದ್ದಲ್ಲ.

ಅದರ ಕಥೆಯನ್ನು ಅಪ್ಪ ಪ್ರತಿ ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ ಹೇಳುತ್ತಿದ್ದ. ಮೊದಲು ಕಲ್ಲನ್ನು ಮಕ್ಕಳ ಮಡಿಲಲ್ಲಿಡಬೇಕು, ಒಂದು ವಾರ ಅಕ್ಕನಾದ ಇವಳ ಮಡಿಲು, ಒಂದು ವಾರ ತಮ್ಮನದು. ಆಮೇಲೆ ಶುರು. ಒಬ್ಬ ಧಾನ್ಯದ ವ್ಯಾಪಾರಿ ಈ ಕಲ್ಲು ತಂದ. ಕಲ್ಲಿನ ತಳದಲ್ಲಿ ಒಂದು ಕುಳಿ ಇರುತ್ತದೆ. ತೂಕ ಸರಿಹೊಂದಿಸಲು ಅದಕ್ಕೆ ಸೀಸ ತುಂಬಿ, ಮೇಲೆ ಸರ್ಕಾರದ ಮುದ್ರೆ ಒತ್ತಿರುತ್ತಾರೆ. ಮುದ್ರೆ ಕೆಡದ ಹಾಗೆ ಒಳಗಿನ ಸೀಸ ತೆಗೆದುಕೊಡು ಎಂದ ವ್ಯಾಪಾರಿ. ಅಪ್ಪ ಒಪ್ಪಲಿಲ್ಲ. ನೀನು ತೂಗೋದನ್ನ ಮೇಲೊಬ್ಬ ತೂಗ್ತಾನೆ ಎಂದುಬಿಟ್ಟ. ವ್ಯಾಪಾರಿ ಸಿಟ್ಟಿನಿಂದ ಕಲ್ಲನ್ನು ಅಲ್ಲೇ ಬಿಟ್ಟುಹೋದ. ಪೇಟೆಯವರು ಯಾರೂ ಅಪ್ಪನಿಗೆ ಕೆಲಸ ಕೊಡದ ಹಾಗೆ ಮಾಡಿದ. ಆರು ತಿಂಗಳು ಮನೆಯಲ್ಲಿ ಒಪ್ಪೊತ್ತಿನ ಊಟ. ಏಳನೇ ತಿಂಗಳು ಆಸ್ಪತ್ರೆಯ ತಕ್ಕಡಿಗಳ ಕೆಲಸ ತಾನಾಗಿ ಬಂತು. ದೇವರು ತಡ ಮಾಡ್ತಾನೆ, ಮರೆಯಲ್ಲ ಎಂದು ಅಪ್ಪ ಮುಗಿಸುತ್ತಿದ್ದ.

ಕಲ್ಲಿಗೆ ಒಂದು ಕಟ್ಟಳೆಯಿತ್ತು. ಅದನ್ನು ತಕ್ಕಡಿಗೆ ಹಾಕಬಾರದು. ನಂಬಿಕೆಯನ್ನ ತೂಗಬಾರದು ಎನ್ನುತ್ತಿದ್ದ ಅಪ್ಪ. ಸಿಕ್ಕಿದ್ದನ್ನೆಲ್ಲ ತೂಗುವುದೇ ಕಸುಬಾದ ಮನೆಯಲ್ಲಿ ತೂಗದೆ ಉಳಿದ ವಸ್ತು ಅದೊಂದೇ.

ಅಪ್ಪ ಹೋದ ಮೇಲೆ ಅಂಗಡಿ ಅಕ್ಕತಮ್ಮಂದಿರ ಕೈಗೆ ಬಂತು, ಕಥೆ ಅಕ್ಕನ ಬಾಯಿಗೆ. ಅವಳು ಮದುವೆಯಾಗಲಿಲ್ಲ. ತಮ್ಮ ಆದ. ಅವನಿಗೊಬ್ಬ ಮಗ. ಹುಡುಗನಿಗೆ ಮೂರು ವರ್ಷವಾದಾಗ ತಮ್ಮನ ಹೆಂಡತಿ ತೀರಿಕೊಂಡಳು. ಮಗುವಿಗೆ ತುತ್ತಿಟ್ಟದ್ದು, ತಲೆ ಬಾಚಿದ್ದು, ಲೆಕ್ಕ ಕಲಿಸಿದ್ದು ಎಲ್ಲ ಅತ್ತೆಯೇ. ಭಾನುವಾರದ ಕಲ್ಲು ಈಗ ಅವನ ಮಡಿಲಿಗೆ ಬಂತು. ತಾಯಿಯಿಲ್ಲದ ಮನೆಯನ್ನು ಹಿಡಿದಿಟ್ಟದ್ದು ಆ ಕಥೆಯೇ ಎಂದು ಅವಳು ಮನಸಾರೆ ನಂಬಿದ್ದಳು. ತಮ್ಮ ಮಾತ್ರ ಕಥೆಯ ಹೊತ್ತಿಗೆ ಸರಿಯಾಗಿ ಕೈ ತೊಳೆಯಲು ಏಳುತ್ತಿದ್ದ. ಅವನದು ತಮಾಷೆಯ ಸ್ವಭಾವ. ನಮ್ಮಕ್ಕ ಅಡುಗೆಗೆ ಉಪ್ಪು ಹಾಕುವಾಗಲೂ ಮುಳ್ಳು ನೋಡ್ತಾಳೆ, ಅದಕ್ಕೇ ಯಾವ ವರನೂ ತೂಕಕ್ಕೆ ಬರ್ಲಿಲ್ಲ ಎಂದು ಗಿರಾಕಿಗಳ ಮುಂದೆಯೇ ನಗುತ್ತಿದ್ದ.

ಹುಡುಗನಿಗೆ ಹದಿನೈದಾದ ವರ್ಷ, ತಮ್ಮನ ಮೇಜಿನ ಕೆಳಗೆ ಹಣ್ಣಿನ ಅಂಗಡಿಯವನ ಒಂದು ಕಿಲೋ ಕಲ್ಲು ಅವಳ ಕಣ್ಣಿಗೆ ಬಿತ್ತು. ಎತ್ತಿದಾಗಲೇ ಕೈಗೆ ಗೊತ್ತಾಯಿತು. ತೂಗಿದಳು: ಮೂವತ್ತು ಗ್ರಾಂ ಕಮ್ಮಿ. ತಳದ ಮುದ್ರೆಯ ಕೆಳಗೆ ಸೀಸವಿರಲಿಲ್ಲ, ಮಸಿ ಕಲಸಿದ ಮೇಣವಿತ್ತು.

ಕರೆದು ಗುಟ್ಟಾಗಿ ಕೇಳಬಹುದಿತ್ತು. ಅವಳು ಭಾನುವಾರದ ತನಕ ಕಾದಳು. ಊಟವಾದ ಮೇಲೆ ಆ ಕಳ್ಳ ಕಲ್ಲನ್ನು ಅಪ್ಪನ ಕಲ್ಲಿನ ಪಕ್ಕದಲ್ಲಿಟ್ಟು, ಹುಡುಗನ ಎದುರಿಗೇ ಇಡೀ ಕಥೆ ಹೇಳಿದಳು, ಒಂದು ಮಾತೂ ಬಿಡದೆ. ತಮ್ಮ ಆ ದಿನ ಏಳಲಿಲ್ಲ. ತಟ್ಟೆ ನೋಡುತ್ತ ಕೂತಿದ್ದ. ಮಾಡಿದ್ದು ತಪ್ಪು, ಒಂದೇ ಸಲ ಮಾಡಿದ್ದು ಎಂದ. ಆಮೇಲೆ ಕಪಾಟಿನ ಕಡೆ ಕಣ್ಣೆತ್ತಿದ.

"ಅದನ್ನೂ ಒಂದ್ಸಲ ತೂಗಿ ನೋಡಕ್ಕ. ಆಮೇಲೆ ನಂಗೆ ಹೇಳು."

"ಅಪ್ಪನ ಮೇಲೆ ಹಾಕ್ತೀಯೇನೋ? ಈ ಮನೇಲಿ ನಿಂಗೆ ಜಾಗ ಇಲ್ಲ."

ಸತ್ತವರ ಮೇಲೆ ಕೆಸರೆರಚಿ ತನ್ನ ಕೈ ತೊಳೆದುಕೊಳ್ಳುತ್ತಿದ್ದಾನೆ ಎಂದೇ ಅವಳು ತಿಳಿದಳು. ಅವನು ಎದ್ದು ನಿಂತ. ಮಗನನ್ನು ಬಾ ಎಂದ. ಮಗ ಅತ್ತೆಯ ಬೆನ್ನ ಹಿಂದೆ ಸರಿದು ನಿಂತ. ತಮ್ಮ ಒಬ್ಬನೇ ಮನೆ ಬಿಟ್ಟು ಹೋದ.

ಹನ್ನೊಂದು ವರ್ಷ ಕಳೆಯಿತು. ಹುಡುಗ ಎಲೆಕ್ಟ್ರಾನಿಕ್ ತಕ್ಕಡಿಗಳ ಕೆಲಸ ಕಲಿತು ಅಂಗಡಿಯನ್ನು ಮುಳುಗದಂತೆ ಹಿಡಿದಿದ್ದ. ಸುಳ್ಳು ತೂಕ ಕೇಳಿಕೊಂಡು ಬಂದವರನ್ನು ಅವಳಿಗಿಂತ ಒರಟಾಗಿ ಅಟ್ಟುತ್ತಿದ್ದ. ತನ್ನ ಅಪ್ಪನ ಸುದ್ದಿ ತೆಗೆದರೆ ಎದ್ದು ಹೋಗುತ್ತಿದ್ದ. ಅವಳಿಗೆ ಅದರಲ್ಲಿ ಒಳಗೊಳಗೇ ಸ್ವಲ್ಪ ಹೆಮ್ಮೆಯಿತ್ತು.

ಒಂದು ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಚೀಟಿ ತಂದುಕೊಟ್ಟ. ತಮ್ಮ ದೂರದೂರಿನಲ್ಲಿ ಲಾರಿ ತೂಗುವ ಕಟ್ಟೆಯಲ್ಲಿ ಕೆಲಸಕ್ಕಿದ್ದ. ಶ್ವಾಸಕೋಶ ಕೈಕೊಟ್ಟಿದೆ, ಡಾಕ್ಟರು ವಾರಗಳ ಲೆಕ್ಕ ಹೇಳುತ್ತಿದ್ದಾರೆ, ಮಗನನ್ನು ಒಮ್ಮೆ ಕಳಿಸು ಎಂದಷ್ಟೇ ಬರೆದಿದ್ದ. ಅಕ್ಕನನ್ನು ಬಾ ಎಂದು ಬರೆದಿರಲಿಲ್ಲ.

ಹುಡುಗ ಚೀಟಿ ಓದಿ ಮಡಚಿಟ್ಟ. "ನಾನು ಹೋಗಲ್ಲ ಅತ್ತೆ."

"ಸಾಯೋ ಮನುಷ್ಯ ಕಣೋ."

"ತಾತ ಒಪ್ಪೊತ್ತು ಉಂಡು ಉಳಿಸಿದ್ದನ್ನ ಅವರು ಮೇಣ ತುಂಬಿ ಕಳೆದ್ರು. ನೀನೇ ಅಲ್ವಾ ಹೇಳಿದ್ದು?"

ಹೇಳಿದ್ದು ಅವಳೇ. ಎರಡು ದಿನ ಅತ್ತಳು, ಬೈದಳು, ದೇವರು ಕ್ಷಮಿಸುವವನು ಎಂದಳು. ದೇವರು ಕ್ಷಮಿಸಲಿ, ಅದು ಅವನ ಕೆಲಸ ಎಂದ. ತಾನೇ ಬಿರುಕಿಲ್ಲದಂತೆ ಎರಕ ಹೊಯ್ದು ಕೂರಿಸಿದ ಮಾತು. ಅದನ್ನು ಎಲ್ಲಿ ಹಿಡಿದು ಅಲುಗಿಸಬೇಕೋ ಅವಳಿಗೇ ತಿಳಿಯಲಿಲ್ಲ. ಆಗ ತಮ್ಮನ ಆ ಹಳೆಯ ಮಾತು ನೆನಪಾಯಿತು.

ಮೂರನೆಯ ದಿನ ಮಧ್ಯಾಹ್ನ ಹುಡುಗ ಹೊರಗೆ ಕೆಲಸಕ್ಕೆ ಹೋದಾಗ, ಅವಳು ಅಂಗಡಿಯ ಬಾಗಿಲು ಎಳೆದುಕೊಂಡು ಕಲ್ಲನ್ನು ಇಳಿಸಿದಳು. ಮೆತ್ತನೆ ಬ್ರಷ್ಷಿನಿಂದ ತುಕ್ಕು ಒರೆಸಿದಳು. ತಕ್ಕಡಿ ಸಮ ಇದೆಯೇ ಎಂದು ನೋಡಿಕೊಂಡಳು. ಎಡತಟ್ಟೆಗೆ ಕಲ್ಲು, ಬಲತಟ್ಟೆಗೆ ಹಿತ್ತಾಳೆಯ ಪರೀಕ್ಷೆಯ ತೂಕಗಳು. ನಲವತ್ತಾರು ಗ್ರಾಂ ಕಮ್ಮಿ. ತಟ್ಟೆ ಅದಲುಬದಲು ಮಾಡಿ ಮತ್ತೆ ತೂಗಿದಳು. ನಲವತ್ತಾರು.

ತುಕ್ಕು ಹಿಡಿದು ಉದುರಿದ್ದಿರಬಹುದು ಎಂದುಕೊಂಡಳು. ಎರಡು ಕಿಲೋ ಕಬ್ಬಿಣ ತುಕ್ಕಿಗೆ ಇಷ್ಟು ಸವೆದಿದ್ದರೆ ಮೇಲಿನ ಅಂಕಿಯೇ ಅಳಿಸಿರಬೇಕಿತ್ತು. ಹಾಗಾದರೆ ವ್ಯಾಪಾರಿ ಬೇರೆ ಯಾರ ಕೈಯಲ್ಲೋ ಮಾಡಿಸಿ ತಂದಿರಬಹುದು. ಕಲ್ಲನ್ನು ಮಗುಚಿ ಭೂತಕನ್ನಡಿ ಹಿಡಿದಳು. ಮುದ್ರೆಯ ಸೀಸವನ್ನು ತೆಳ್ಳಗೆ ಬಿಲ್ಲೆಯಾಗಿ ಕತ್ತರಿಸಿ ತೆಗೆದು, ಮತ್ತೆ ಕೂರಿಸಿ, ಅಂಚಿನ ಸುತ್ತ ಚಾಣದಿಂದ ಸಣ್ಣ ಸಣ್ಣ ಏಟು ಹಾಕಿದ್ದರು. ಪ್ರತಿ ಗುರುತಿನ ಎಡ ಅಂಚು ಆಳ, ಬಲ ಅಂಚು ತೇಲು. ಅಪ್ಪನ ಹೆಬ್ಬೆರಳಿನ ತುದಿ ಮೆಷಿನ್ನಿಗೆ ಸಿಕ್ಕಿ ಹೋಗಿತ್ತು. ಚಾಣ ಅವನ ಕೈಯಲ್ಲಿ ಯಾವಾಗಲೂ ಓರೆಯಾಗಿ ನಿಲ್ಲುತ್ತಿತ್ತು. ಆ ಓರೆ ಗುರುತು ಅವಳಿಗೆ ಅಪ್ಪನ ಅಕ್ಷರಕ್ಕಿಂತ ಹೆಚ್ಚು ಪರಿಚಿತ.

ಬಿಲ್ಲೆಯನ್ನು ಮೀಟಿ ತೆಗೆದಳು. ಒಳಗೆ ಮಸಿ ಕಲಸಿದ ಮೇಣ.

ಅಪ್ಪ ಒಂದು ದಿನ ಇಲ್ಲ ಎಂದು, ಆರನೇ ತಿಂಗಳಿಗೆ ಹಸಿವು ತಾಳದೆ ಹೂಂ ಎಂದನೋ. ಮಾಡಿಟ್ಟು, ಕೊಡಲು ಮನಸ್ಸಾಗದೆ ಉಳಿಸಿಕೊಂಡನೋ. ಪ್ರತಿ ಭಾನುವಾರ ಹೇಳಿದ್ದು ಮಕ್ಕಳಿಗೋ ತನಗೋ. ಕೇಳೋಣವೆಂದರೆ ಫೋಟೋದಲ್ಲಿದ್ದ. ಅವಳು ಅಪ್ಪನನ್ನು ಬೈಯಲಿಲ್ಲ. ಎಂದೋ ಗುಟ್ಟಾಗಿ ತೂಗಿದ್ದನೋ ಏನೋ, ತಮ್ಮನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಕಲ್ಲನ್ನು ಆವತ್ತೇ ಎತ್ತಿ ತಕ್ಕಡಿಗೆ ಹಾಕಲಿಲ್ಲ. ಅವಳ ಅಪ್ಪನನ್ನು ಅವಳಿಗೆ ಬಿಟ್ಟು, ತನ್ನ ಮಗನನ್ನೂ ಬಿಟ್ಟು ಹೋದ. 

ಮೇಣವನ್ನು ಕೆರೆದು ಬಿಸಾಡಿ ಸುಮ್ಮನಿದ್ದರೆ ಹುಡುಗ ಅವಳವನಾಗಿಯೇ ಉಳಿಯುತ್ತಿದ್ದ. ಅಷ್ಟು ಅವಳಿಗೂ ಹೊಳೆಯಿತು. ಸಂಜೆ ಅವನು ಬಂದಾಗ ಕಲ್ಲು, ಬಿಲ್ಲೆ, ಮೇಣ ಮೂರೂ ಮೇಜಿನ ಮೇಲಿದ್ದವು.

ಅವನು ಕೂತು ನೋಡಿದ. ಚಾಣದ ಗುರುತುಗಳ ಮೇಲೆ ಬೆರಳಾಡಿಸಿದ. ಅವಳು ಎಲ್ಲ ಹೇಳಿದಳು. ಹೇಳುವಾಗ ಕಥೆಯ ಧಾಟಿ ಬರದಂತೆ ಎಚ್ಚರವಹಿಸಿದಳು.

"ಅಪ್ಪ ಆವತ್ತೇ ತೂಗು ಅಂದಿದ್ರು."

"ಹೂಂ."

"ಐದು ನಿಮಿಷದ ಕೆಲಸ ಅತ್ತೆ."

 ಎರಡು ಅಂಗಿ ಬ್ಯಾಗಿಗೆ ತುರುಕಿಕೊಂಡು ಅವನು ಏಳರ ಬಸ್ಸಿಗೆ ಹೊರಟ. ಕಲ್ಲು ತಗೊಂಡು ಹೋಗು, ನಾನು ತೂಗಿದೆ ಅಂತ ಹೇಳು ಎಂದಳು. ಹೇಳ್ತೀನಿ, ಕಲ್ಲು ನಿನ್ನ ಹತ್ರಾನೇ ಇರ್ಲಿ ಎಂದ.

ಹನ್ನೆರಡು ದಿನದ ಮೇಲೆ ಹುಡುಗನ ಫೋನ್ ಬಂತು. ಅಪ್ಪನ ಕೈ ಹಿಡಿದೇ ಕೂತಿರುತ್ತೇನೆ, ರಾತ್ರಿ ಕೆಮ್ಮು ಜಾಸ್ತಿ, ಅಕ್ಕ ಕೊನೆಗೂ ಮುಳ್ಳು ನೋಡಿದಳಾ ಎಂದು ನಕ್ಕರು ಎಂದ. ಅವಳಿಗೆ ಜೀವ ಬಂದ ಹಾಗಾಯಿತು.

"ನಾನೂ ಬರ್ಲೇನೋ?"

ಆ ಕಡೆ ಲಾರಿಗಳ ಸದ್ದಿನ ಮೇಲೆ ಅವನು ದನಿ ಎತ್ತಿದ.

"ಕೇಳ್ದೆ ಅತ್ತೆ. ಬೇಡ ಅಂದ್ರು." ಮತ್ತೆ ಸೇರಿಸಿದ, "ನಾನೂ ಇಲ್ಲೇ ಇರ್ತೀನಿ. ಆಮೇಲೂ."

ಅವಳು ಫೋನಿಟ್ಟು ಅಂಗಡಿಗೆ ಬಂದಳು. ನಲವತ್ತಾರು ಗ್ರಾಂ ತುಂಬಿಸುವುದು ಕಷ್ಟದ್ದಲ್ಲ. ಮೇಣ ತೆಗೆದ ಕುಳಿಯನ್ನು ಬಟ್ಟೆಯಿಂದ ಒರೆಸಿ, ಸೌಟಿನಲ್ಲಿ ಸೀಸ ಕರಗಿಸಿದಳು. ಹೊಯ್ಯಲು ಕೈ ಏಳಲಿಲ್ಲ. ಬಾಗಿಲಲ್ಲಿ ಒಬ್ಬ ಗಿರಾಕಿ, ಮುಳ್ಳಕ್ಕ, ನನ್ನ ತಕ್ಕಡಿ ಆಯ್ತಾ ಎಂದು ಕೇಳುತ್ತ ನಿಂತ. ಆಗಿದೆ, ತಗೊಂಡು ಹೋಗಿ ಎಂದಳು. ಅವನು ಹೋದ ಮೇಲೆ ನೋಡಿದರೆ ಸೀಸ ಸೌಟಿನಲ್ಲೇ ಹೆಪ್ಪುಗಟ್ಟಿತ್ತು. ಕಲ್ಲನ್ನು ಕುಳಿ ಮೇಲಾಗುವಂತೆ ಮಗುಚಿ ಕಪಾಟಿನ ಮೇಲಿಟ್ಟಳು. ನಾಳೆ ಭಾನುವಾರ.