ಅಂಗೈಯ ನೀಲಿ

ಮಕ್ಕಳ ವಾರ್ಡಿನ ಹಿರಿಯ ನರ್ಸಮ್ಮ ಇಪ್ಪತ್ತೆರಡು ವರ್ಷಗಳ ನೌಕರಿಯಲ್ಲಿ ಒಮ್ಮೆಯೂ ನಾಲ್ಕು ಜನರೆದುರು ನಿಂತು ಮಾತನಾಡಿದವಳಲ್ಲ. ಆದರೆ ಹಸುಗೂಸುಗಳ ಕೋಣೆಯಲ್ಲಿ ಒಂದೇ ತಿಂಗಳೊಳಗೆ ಮೂರು ಕೂಸುಗಳು ಜ್ವರ ಬಂದು ಕಣ್ಣು ಮುಚ್ಚಿದ ಮೇಲೆ ಆಕೆಗೆ ಬೇರೆ ದಾರಿ ಉಳಿಯಲಿಲ್ಲ. ಸೋಂಕು ಹಬ್ಬುತ್ತಿದ್ದುದು ಕೈಗಳಿಂದ. ಕೂಸನ್ನು ಮುಟ್ಟುವ ಮೊದಲು ಕೈ ತೊಳೆಯಬೇಕೆಂಬುದು ಎಲ್ಲರಿಗೂ ಗೊತ್ತು. ತೊಳೆಯುವವರು ಮಾತ್ರ ಬೆರಳೆಣಿಕೆಯಷ್ಟು. ಅದು ಎಲ್ಲರ ಮನಸ್ಸಿಗೆ ನಾಟದಿದ್ದರೆ ನಾಲ್ಕನೆಯ ಕೂಸೂ ಹೋಗುತ್ತದೆಂದು ಆಕೆಗೆ ಖಾತ್ರಿಯಾಗಿತ್ತು.

ಗಂಡ ಅಂಗಡಿಗಳಿಗೆ ಬೋರ್ಡು ಬರೆಯುವವನು. ಹೆಂಡತಿ ಕೇಳಿದಳೆಂದು ಒಂದೇ ದೊಡ್ಡ ಹಾಳೆಯಲ್ಲಿ ಹನ್ನೆರಡು ಚಿತ್ರ ಬರೆದುಕೊಟ್ಟ. ನಲ್ಲಿ, ಸೋಪು, ಬೆರಳ ಸಂದು, ಉಗುರು ಎಲ್ಲವೂ ಅದರಲ್ಲಿದ್ದವು. ಆಕೆ ಆಸ್ಪತ್ರೆಯವರನ್ನೆಲ್ಲ ಸಭೆಗೆ ಕರೆದು, ಅದನ್ನು ಕೋಣೆಯ ಗೋಡೆಗೆ ತೂಗುಹಾಕಿ, ಕೋಲು ಹಿಡಿದು, ಜನರಿಗೆ ಬೆನ್ನು ತೋರಿಸಿ ಒಂದೊಂದಾಗಿ ವಿವರಿಸತೊಡಗಿದಳು. ಆಕೆ ಎರಡನೆಯ ಚಿತ್ರದಲ್ಲಿರುವಾಗಲೇ ಜನ ಒಂಬತ್ತನೆಯದನ್ನು ನೋಡುತ್ತಿದ್ದರು.

“ಅಕ್ಕಾ, ಒಂಬತ್ತನೇ ಕೈಗೆ ಆರು ಬೆರಳಿದೆ. ಆರೂ ತೊಳೀಬೇಕಾ?” ಎಂದು ಹಿಂದಿನ ಸಾಲಿನಿಂದ ಕಾಂಪೌಂಡರ್ ಕೇಳಿದ.

ಕೋಣೆ ಗೊಳ್ಳೆಂದಿತು. ಸತ್ತ ಕೂಸುಗಳ ಮಾತು ಆ ನಗುವಿನಲ್ಲಿ ಕೊಚ್ಚಿಕೊಂಡು ಹೋಯಿತು. ದೊಡ್ಡ ಡಾಕ್ಟರು ಗಡಿಯಾರ ನೋಡಿಕೊಂಡು ಎದ್ದು ನಡೆದರು.

ಮನೆಗೆ ಬಂದವಳು ಹಾಳೆಯನ್ನು ಬಿಚ್ಚಿ ಗಂಡನ ಮುಂದಿಟ್ಟಳು. ಆತ ಬೆರಳುಗಳನ್ನು ಎರಡೆರಡು ಸಲ ಎಣಿಸಿ ಪೆಚ್ಚಾದ. ತಪ್ಪು ತನ್ನದೆಂದು ಒಪ್ಪಿಕೊಂಡ. ಸ್ವಲ್ಪ ಹೊತ್ತಿನ ಮೇಲೆ, ಬೆರಳು ಸರಿಯಾಗಿದ್ದರೂ ಈ ಹಾಳೆ ಕೆಲಸಕ್ಕೆ ಬರುತ್ತಿರಲಿಲ್ಲ ಎಂದೂ ಹೇಳಿದ.

“ಹನ್ನೆರಡು ಅಂಗಡಿ ಹೆಸರು ಒಂದೇ ಬೋರ್ಡಲ್ಲಿ ಬರೆದ್ರೆ ಗಿರಾಕಿ ಯಾವ ಬಾಗಿಲಿಗೆ ಹೋಗ್ಬೇಕು ಕಣೆ? ಒಂದೇ ತೋರ್ಸು. ತೋರ್ಸಿ, ಅವರ ಮುಖ ನೋಡಿ ಮಾತಾಡು.”

ಆ ಒಂದು ಯಾವುದೆಂದು ಆಕೆ ವಾರವಿಡೀ ತಲೆ ಕೆಡಿಸಿಕೊಂಡಳು. ಕೊನೆಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಿಂದ ಚಿಟಿಕೆ ನೀಲಿ ಪುಡಿ ತಂದು ಬಲ ಅಂಗೈಗೆ ತಿಕ್ಕಿಕೊಂಡಳು. ಮುಂದಿನ ಸಭೆಯ ದಿನ ಬಾಗಿಲಲ್ಲಿ ನಿಂತು, ಹಾಜರಿಯ ರುಜು ಹಾಕಲೆಂದು ಒಬ್ಬೊಬ್ಬರಿಗೂ ತನ್ನ ಕೈಯಿಂದಲೇ ಪೆನ್ನು ಕೊಟ್ಟಳು. ನೀಲಿ ಪೆನ್ನು, ಯಾರಿಗೂ ಅನುಮಾನ ಬರಲಿಲ್ಲ.

ಎಲ್ಲರೂ ಕುಳಿತರು. ಗೋಡೆ ಬರಿದಾಗಿತ್ತು, ಕೋಲೂ ಇರಲಿಲ್ಲ. ಆಕೆ ಜನರ ಕಡೆಗೆ ಮುಖ ಮಾಡಿ, ಅವರವರ ಕೈಗಳನ್ನು ನೋಡಿಕೊಳ್ಳುವಂತೆ ಹೇಳಿದಳು. ನೀಲಿ ಬೆರಳುಗಳ ಮೇಲಿತ್ತು, ಕುರ್ಚಿಯ ಕೈಗಳ ಮೇಲಿತ್ತು, ಕಾಂಪೌಂಡರನ ಗಲ್ಲದ ಮೇಲಿತ್ತು, ದೊಡ್ಡ ಡಾಕ್ಟರ ಕನ್ನಡಕದ ಕಡ್ಡಿಯ ಮೇಲೂ ಇತ್ತು. ಆಗ ಆಕೆ ತನ್ನ ಅಂಗೈಯನ್ನು ಎತ್ತಿ ತೋರಿಸಿದಳು.

ಅಲ್ಲಿಗೆ ನಿಲ್ಲಿಸಬೇಕೆಂದಿದ್ದಳು. ಆದರೆ ಅಷ್ಟು ಮುಖಗಳನ್ನು ನೇರವಾಗಿ ನೋಡುತ್ತ ನಿಂತಾಗ, ಒಳಗೆ ಮುಚ್ಚಿಟ್ಟಿದ್ದ ಮಾತು ತಾನಾಗಿ ಹೊರಬಂತು.

“ಇವತ್ತು ಬೇಕಂತಲೇ ಹಚ್ಕೊಂಡು ಬಂದೆ, ಅದಕ್ಕೆ ಕಾಣಿಸ್ತಿದೆ. ಮೂರನೇ ಮಗೂನ ಎತ್ಕೊಂಡ ದಿನ ಏನೂ ಕಾಣಿಸ್ಲಿಲ್ಲ. ಅವಸರದಲ್ಲಿದ್ದೆ. ಕೈ ತೊಳೆದಿರ್ಲಿಲ್ಲ.”

ಎತ್ತಿದ ಕೈಯನ್ನು ಆಕೆ ಇಳಿಸಲಿಲ್ಲ. ಕಾಂಪೌಂಡರ್ ಮೊದಲು ಎದ್ದು ನಲ್ಲಿಯ ಕಡೆಗೆ ಹೋದ. ಒಬ್ಬೊಬ್ಬರಾಗಿ ಎಲ್ಲರೂ ಅವನ ಹಿಂದೆ ಸಾಲಾಗಿ ನಿಂತರು.

ಮರುದಿನ ಬೆಳಿಗ್ಗೆ ಆಕೆ ಕೂಸುಗಳ ಕೋಣೆಯಲ್ಲಿ ಹಾಸಿಗೆ ಸರಿಪಡಿಸುತ್ತಿದ್ದಳು. ದೊಡ್ಡ ಡಾಕ್ಟರು ಎಂದಿನಂತೆ ಅವಸರದಲ್ಲಿ ಬಂದು ಮೊದಲ ತೊಟ್ಟಿಲಿಗೆ ಕೈ ಚಾಚಿದರು. ಅವರ ಉಗುರಿನ ಸಂದಿಯಲ್ಲಿ ನೀಲಿ ಇನ್ನೂ ಸ್ವಲ್ಪ ಉಳಿದಿತ್ತು. ಚಾಚಿದ ಕೈ ಹಿಂದೆ ಬಂತು. ಅವರು ನಲ್ಲಿಯ ಕಡೆಗೆ ತಿರುಗಿದರು.