ಹಿಟ್ಟಿನ ಕೈಗೆ ಪ್ರವೇಶವಿಲ್ಲ

ಕೈ ತೊಳೆದುಕೋ ಎಂದು ನನಗೆ ಜೀವನಪೂರ್ತಿ ಯಾರಾದರೊಬ್ಬರು ಹೇಳುತ್ತಲೇ ಬಂದಿದ್ದಾರೆ. ಮೊದಲು ಮೈಸೂರಿನ ಕಾನ್ವೆಂಟಿನ ಸಿಸ್ಟರ್ ಅಗ್ನೆಸ್. ಆಕೆಯ ಪ್ರಕಾರ ಉಗುರಿನ ಸಂದಿಯ ಕೊಳೆ ನಿಧಾನವಾಗಿ ಆತ್ಮಕ್ಕೂ ಇಳಿಯುತ್ತಿತ್ತು. ಆಮೇಲೆ ನಮ್ಮ ಅತ್ತೆ. ಅರವತ್ತು ದಾಟಿದ ಮೇಲಾದರೂ ಈ ಕಾಟ ತಪ್ಪೀತು ಅಂದುಕೊಂಡಿದ್ದೆ. ಅಷ್ಟರಲ್ಲಿ ಸ್ಯಾನ್ ಡಿಯೇಗೋದ ಯೂನಿವರ್ಸಿಟಿಯೊಂದರ ಬಯೋಮೆಡಿಕಲ್ ಲ್ಯಾಬಿಗೆ ಟ್ರೈನಿಯಾಗಿ ಸೇರಿಬಿಟ್ಟೆ.

ನಗಬೇಡಿ. ಎಂ.ಎಸ್ಸಿ. ಮುಗಿಸಿದ ವರ್ಷ ರಿಸರ್ಚ್ ಮಾಡಬೇಕೆಂದು ಹೊರಟವಳು ನಾನು. ಬದಲಿಗೆ ಮದುವೆಯಾಯಿತು. ಆಮೇಲೆ ಕಾಲೇಜಿನಲ್ಲಿ ತಲೆಮಾರುಗಟ್ಟಲೆ ಹುಡುಗಿಯರಿಗೆ ಕಪ್ಪೆ ಕೊಯ್ಯುವುದನ್ನು ಕಲಿಸಿದೆ. ನನ್ನ ರಿಟೈರ್‌ಮೆಂಟಿನಿಂದ ಕಪ್ಪೆಗಳಿಗೂ ನೆಮ್ಮದಿಯಾಗಿ, ಎರಡು ಸಾವಿರದ ಐದರಲ್ಲಿ ಸ್ಯಾನ್ ಡಿಯೇಗೋ ಹತ್ತಿರದ ಕಾರ್ಲ್ಸ್‌ಬಾಡಿನ ಮಗಳ ಮನೆ ಸೇರಿದೆ. “ಸುಮ್ನೆ ಟೀವಿ ಮುಂದೆ ಕೂರ್ಬೇಡಮ್ಮ, ಎಲ್ಲಾದ್ರೂ ವಾಲಂಟಿಯರ್ ಮಾಡು” ಎಂದಳು ಮಗಳು ವಸುಧಾ. ಅವಳ ಮನಸ್ಸಿನಲ್ಲಿದ್ದದ್ದು ಲೈಬ್ರರಿ. ನಾನು ಅಪ್ಲೈ ಮಾಡಿದ್ದು ಲ್ಯಾಬಿಗೆ.

ಸೇರುವ ಮೊದಲು ಸೇಫ್ಟಿ ವಿಡಿಯೋಗಳು. ಬೆಂಕಿ ಬಿದ್ದರೆ ಓಡಬೇಕು ಎಂದು ಒಂದು, ಏಣಿ ಹತ್ತುವಾಗ ಏಣಿಯನ್ನು ಹಿಡಿದುಕೊಳ್ಳಬೇಕು ಎಂದು ಇನ್ನೊಂದು. ಎಲ್ಲಕ್ಕೂ ಪರೀಕ್ಷೆ, ಎಲ್ಲದರಲ್ಲೂ ನಾನು ಫಸ್ಟ್ ಕ್ಲಾಸ್. ಅಲ್ಲಿನ ಇಲಿಗಳ ಯೋಗಕ್ಷೇಮ ವಿಚಾರಿಸಲು ದಿನವೂ ಜನ ಬರುತ್ತಿದ್ದರು. ನನ್ನ ಮಂಡಿನೋವಿಗೆ ಇನ್ಶೂರೆನ್ಸೇ ಇರಲಿಲ್ಲ. ಲ್ಯಾಬಿನ ಮುಖ್ಯಸ್ಥೆಗೆ ನನ್ನ ಮಗಳ ವಯಸ್ಸು. “ಕಾಲ್ ಮಿ ಕೇಟ್” ಅಂದಳು. “ಯೆಸ್, ಕೇಟ್ ಮೇಡಂ” ಅಂದೆ. ಪ್ರಯೋಗ ಕೆಟ್ಟುಹೋದರೆ ಅಲ್ಲಿ ಯಾರೂ ಕೆಟ್ಟಿತು ಅನ್ನುವುದಿಲ್ಲ, “ಇಂಟರೆಸ್ಟಿಂಗ್” ಅನ್ನುತ್ತಾರೆ. ನನ್ನ ಮೊದಲ ಉಪ್ಪಿಟ್ಟಿಗೆ ಗಂಡನ ಮನೆಯಲ್ಲಿ ಒಬ್ಬರಾದರೂ ಹಾಗೆ ಅಂದಿದ್ದರೆ!

ನನಗೆ ಕೆಲಸ ಕಲಿಸುವ ಗುರು ಹುಬ್ಬಳ್ಳಿಯ ಸಂತೋಷ, ಪಿಎಚ್.ಡಿ. ಮುಗಿಸಿ ಬಂದ ಪೋಸ್ಟ್‌ಡಾಕ್ ಹುಡುಗ. ಗುರುವಾಗಿ ನನ್ನನ್ನು ಗದರಿಸಬೇಕು, ಆದರೆ ನಾನು ಆಂಟಿ. “ಆಂಟೀ, ಬೈತಾನಂತ ತಿಳ್ಕೋಬ್ಯಾಡ್ರಿ” ಎಂದು ಶುರುಮಾಡಿ ಬಯ್ಯುತ್ತಿದ್ದ. ಅವನು ಕಲಿಸುತ್ತಿದ್ದುದು ಫ್ಲಾಸ್ಕಿನಲ್ಲಿ ಜೀವಕೋಶ ಬೆಳೆಸುವುದು. ತಿಂಗಳ ಕೊನೆಗೆ ನನ್ನ ಫ್ಲಾಸ್ಕುಗಳು ಶುದ್ಧವಾಗಿದ್ದರೆ ಆ ಕೆಲಸ ನನ್ನದು. ಇಲ್ಲವಾದರೆ ಗಾಜಿನ ಸಾಮಾನು ತೊಳೆಯುವುದು. ಪಾತ್ರೆ ತೊಳೆಯುವುದಕ್ಕೆ ಇಷ್ಟು ವರ್ಷ ಕಾಯಬೇಕಿತ್ತೆ?

ಜೀವಕೋಶಗಳ ಕೋಣೆಗೆ ಹೋಗುವ ವಿಧಿಯೇ ಬೇರೆ. ಕೈ ತೊಳೆದು, ಬೇರೆ ಕೋಟು ತೊಟ್ಟು, ಗ್ಲೌಸಿಗೆ ಸ್ಪಿರಿಟ್ ಸಿಂಪಡಿಸಿಕೊಳ್ಳಬೇಕು. ಆಮೇಲೆ ಮೂಗು ತುರಿಸಿದರೆ ಸಿಂಪಡಣೆ ಮೊದಲಿಂದ. ತೆರೆದ ಬಾಟಲಿಯ ಮೇಲೆ ಕೈ ಹಾಯಿಸಬಾರದು, ಮಾತಾಡಬಾರದು. ಇದೆಲ್ಲ ನಾನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ನಮ್ಮತ್ತೆ! ಮಡಿಯುಟ್ಟು ಒಲೆಯ ಮುಂದೆ ನಿಂತರೆ ಅಡುಗೆ ಮುಗಿಯುವವರೆಗೆ ಮೊಮ್ಮಗುವೂ ಅವರ ಹತ್ತಿರ ಸುಳಿಯುವ ಹಾಗಿರಲಿಲ್ಲ. “ಸೂಪರ್‌ಸ್ಟಿಷನ್” ಎಂದು ನಾನು ಕಾನ್ವೆಂಟ್ ಇಂಗ್ಲಿಷಿನಲ್ಲಿ ಮೂಗು ಮುರಿಯುತ್ತಿದ್ದೆ. ಇಲ್ಲಿ ಅದಕ್ಕೆ “ಸ್ಟೆರೈಲ್ ಟೆಕ್ನಿಕ್” ಎಂಬ ಹೆಸರಿತ್ತು, ಸರ್ಕಾರದ ಗ್ರ್ಯಾಂಟೂ ಇತ್ತು.

ಆ ಕೋಣೆಯ ಬಾಗಿಲಲ್ಲಿ ಒಂದು ನೋಟೀಸು: ಮನೆಯಲ್ಲಿ ಬ್ರೆಡ್ ಅಥವಾ ಬಿಯರ್ ಮಾಡಿದವರು ಆ ದಿನ ಒಳಗೆ ಬರಕೂಡದು. ಅವುಗಳನ್ನು ಹುದುಗಿಸುವ ಯೀಸ್ಟು ಮೈಮೇಲೆ ಸವಾರಿ ಬಂದು ಫ್ಲಾಸ್ಕಿಗೆ ಇಳಿಯುತ್ತದಂತೆ. ಬಿಯರಿಗೂ ನನಗೂ ಏನು ಸಂಬಂಧ? ತಲೆಯೆತ್ತಿ ಒಳಗೆ ನಡೆದೆ.

ಸೋಮವಾರ ನಾನು ಮುಟ್ಟಿದ ಫ್ಲಾಸ್ಕುಗಳೆಲ್ಲ ಬುಧವಾರದ ಹೊತ್ತಿಗೆ ಮಜ್ಜಿಗೆಯ ಹಾಗೆ ಕದಡಿದವು. ಮುಂದಿನ ವಾರವೂ ಅದೇ ಕತೆ. ಯೀಸ್ಟು! ಮೀಟಿಂಗ್ ಸೇರಿತು. ಒಬ್ಬರು ಇನ್‌ಕ್ಯುಬೇಟರನ್ನು ಬೈದರು, ಒಬ್ಬರು ಏಸಿಯನ್ನು. “ಇಂಟರೆಸ್ಟಿಂಗ್” ಎಂದಳು ಕೇಟ್. ನನ್ನ ಕಣ್ಣು ಸಿಂಕಿನ ಕಡೆ ಹೋಯಿತು.

ಅದರ ಮುಂದಿನ ಸೋಮವಾರ, ಕೋಣೆಗೆ ಹೋಗುವ ಮೊದಲು, ಹೊರಗಿನ ಬೆಂಚಿನ ಮೇಲೆ ಸಂತೋಷ ನಾನು ತಂದ ಇಡ್ಲಿ ತಿನ್ನುತ್ತಿದ್ದ. ಸೋಮವಾರದ ಇಡ್ಲಿ ನಮ್ಮ ವಾಡಿಕೆಯಾಗಿತ್ತು.

“ಹತ್ತಿ ಆಗ್ಯಾವ್ರೀ ಆಂಟೀ. ಹೆಂಗ ಮಾಡ್ತೀರಿ?”

“ಅದೇ ಸೀಕ್ರೆಟ್ ಕಣಪ್ಪ. ಈ ಊರಿನ ಚಳಿಗೆ ಹಿಟ್ಟು ಹುಳಿ ಬರಬೇಕಾದ್ರೆ ಸ್ಪೂನ್ ಸಾಲದು, ಕೈಯಲ್ಲೇ ಕಲಸಬೇಕು. ಬೆಳಿಗ್ಗೆ ಉಕ್ಕಿರುತ್ತಲ್ಲ, ಆಗ ಇನ್ನೊಂದ್ಸಲ ಚೆನ್ನಾಗಿ ಕೈಯಾಡಿಸ್ತೀನಿ.”

ಅವನ ಬಾಯಿ ಅಗಿಯುವುದನ್ನು ನಿಲ್ಲಿಸಿತು. “ಇವತ್ತೂ ಆಡಿಸೀರೇನ್ರೀ?”

“ಇವತ್ತೂನು.”

“ಯಪ್ಪಾ! ಇಡೀ ಲ್ಯಾಬ್ ಬಿಯರ್ ಮಾಡಾವ್ರನ್ನ ಹುಡುಕಾಕತ್ತೈತಿ, ನೀವ ಅದೀರಲ್ರೀ!”

ಡಬ್ಬಿಯಿಂದ ಇನ್ನೊಂದು ಇಡ್ಲಿ ತೆಗೆದುಕೊಂಡು, ಮೆಲ್ಲಗೆ ಅಂದ: “ಕೇಟ್‌ಗೆ ಹೇಳೂದು ಬ್ಯಾಡ್ರಿ ಆಂಟೀ. ಇಡ್ಲಿ ಬಂದ್ ಆಗ್ತಾವ.”

ಹೇಳದೆ ಬಿಡಲು ಸಿಸ್ಟರ್ ಅಗ್ನೆಸ್ ಬಿಡಬೇಕಲ್ಲ. ಹೋಗಿ ಹೇಳಿದೆ. ಅಕ್ಕಿ, ಉದ್ದು, ಹುದುಗು, ಎಲ್ಲವನ್ನೂ ಹಳೆಯ ಲೆಕ್ಚರರ್ ಗತ್ತಿನಲ್ಲೇ ವಿವರಿಸಿದೆ. ಸೋತರೂ ಪಾಠ ಕೆಡಬಾರದು ನೋಡಿ. ಕೇಟ್ ಕೊನೆಯವರೆಗೆ ಕೇಳಿ, “ಇಂಟರೆಸ್ಟಿಂಗ್” ಎಂದಳು. ಈ ಸಲ ನಿಜವಾಗಿಯೂ ಹಾಗೇ ಅನ್ನಿಸಿತ್ತೆಂದು ಕಾಣುತ್ತದೆ, ಇನ್ನೊಂದು ತಿಂಗಳು ಕೊಟ್ಟಳು. ಮರುದಿನ ಬಾಗಿಲ ನೋಟೀಸಿನಲ್ಲಿ ಬ್ರೆಡ್, ಬಿಯರ್‌ಗಳ ಜೊತೆ ಇಡ್ಲಿಯೂ ಸೇರಿತ್ತು. ನಾಡಿಗೆ ನನ್ನ ಸೇವೆ ಇಷ್ಟು.

ಅಂದಿನಿಂದ ಹಿಟ್ಟು ಅಳಿಯನ ಪಾಲಿಗೆ ಬಿತ್ತು. ಲ್ಯಾಬಿನ ದಿನ ನಾನು ಸ್ನಾನ ಮಾಡಿ, ಬೇರೆಯಾಗಿ ಒಗೆದಿಟ್ಟ ಪ್ಯಾಂಟು ತೊಟ್ಟು, ಅಡುಗೆಮನೆಗೆ ಬೆನ್ನು ಹಾಕಿ ಕೂರುತ್ತಿದ್ದೆ. ಸ್ನಾನವಾಗದೆ ಅಡುಗೆಮನೆಗೆ ಬರಬೇಡ ಎಂದವರು ಅತ್ತೆ. ಸ್ನಾನವಾದ ಮೇಲೆ ಅಡುಗೆಮನೆಗೆ ಹೋಗಬೇಡ ಎಂದದ್ದು ಸೈನ್ಸು. ಫ್ಲಾಸ್ಕುಗಳು ಮಾತ್ರ ತಿಂಗಳುದ್ದಕ್ಕೂ ತಿಳಿಯಾಗಿ, ರೋಜಾ ಶರಬತ್ತಿನಂತೆ ಹೊಳೆದವು. ಜೀವಕೋಶ ನನ್ನದಾಯಿತು. ಸಿಂಕು ತಪ್ಪಿತು.

ಒಂದು ಬೆಳಿಗ್ಗೆ ಹೊರಡುವಾಗ ಮೊಮ್ಮಗಳು ಮಾಯಾ ಅಪ್ಪನ ಹಿಟ್ಟಿನ ಪಾತ್ರೆಯ ಪಕ್ಕದಿಂದ ಎದ್ದು, ಹಿಟ್ಟು ಮೆತ್ತಿದ ಎರಡೂ ಕೈ ಚಾಚಿ ಓಡಿಬಂದಳು. “ದೂರ! ಮುಟ್ಟಬೇಡ!” ಕೂಗಿದ್ದು ನಾನು. ಸ್ವರ ಮಾತ್ರ ಸಾಕ್ಷಾತ್ ನಮ್ಮತ್ತೆಯದು.

ಮಗು ಅಲ್ಲೇ ನಿಂತಿತು. “ಅಜ್ಜೀ, ಆರ್ ಯು ಸಿಕ್?”

“ಇಲ್ಲ ಪುಟ್ಟೀ. ಸಾಯಂಕಾಲ ಬಂದು ಎತ್ಕೋತೀನಿ.”

ದಾರಿಯುದ್ದಕ್ಕೂ “ಬಂದು ಎತ್ಕೋತೀನಿ” ಎಂಬ ನನ್ನದೇ ಮಾತು ಕಾಡಿತು. ಅದನ್ನೂ ನಾನು ಮೊದಲೇ ಅತ್ತೆಯ ಬಾಯಲ್ಲಿ ಕೇಳಿದ್ದೆ. ನಮ್ಮತ್ತೆ ಅಡುಗೆ ಮುಗಿಸಿ, ಮಡಿ ಬಿಟ್ಟು ಹೊರಗೆ ಬಂದರೆ ಮೊದಲು ಮಾಡುತ್ತಿದ್ದ ಕೆಲಸ ವಸುಧಾಳನ್ನು ಎತ್ತಿಕೊಳ್ಳುವುದು. ಮಗು ಬಾಗಿಲಲ್ಲೇ ಕಾಯುತ್ತಿತ್ತು. ಅಷ್ಟು ಓದಿಕೊಂಡ ನನಗೆ “ಮುಟ್ಟಬೇಡ” ಮಾತ್ರ ಕೇಳಿಸಿತ್ತು.

ಆ ಸಾಯಂಕಾಲ ಕೋಟು ಬಿಚ್ಚಿ, ಕೈ ತೊಳೆಯದೆಯೇ ಮನೆಗೆ ಓಡಿದೆ ಎಂದು ಬರೆಯಲು ಆಸೆ. ತೊಳೆದೇ ಓಡಿದೆ. ಮೂರು ಜನ ಕಲಿಸಿದ ಅಭ್ಯಾಸ, ಹೋಗಬೇಕಲ್ಲ.