ಬಾಗಿಲಿಗೆ ಮುಖ ಮಾಡಿದ ಶೂಗಳು

ನಮ್ಮ ಕಡಲತೀರದ ಊರು ಟೊಂಗ್ಯೊಂಗ್‌ನಲ್ಲಿ ಕಡಲಚಿಪ್ಪು ಬಿಡಿಸುವ ಕೆಲಸಕ್ಕೆ ಹೋಗದ ಹೆಂಗಸರು ಕಡಿಮೆ. ಮಾ ಗುಮ್‌ಶಿಲ್ ಕೂಡ ಅರ್ಧ ಆಯಸ್ಸು ಬಂದರಿನ ಶೆಡ್ಡುಗಳಲ್ಲೇ ಕಳೆದವರು. ಚಿಪ್ಪಿನ ಸಂದಿಗೆ ಚಾಕು ತೂರಿಸಿ ತೂರಿಸಿ ಅವರ ಬಲಗೈ ಹೆಬ್ಬೆರಳು ಸೊಟ್ಟಗಾಗಿದೆ. ಪಕ್ಕದಲ್ಲಿ ನಿಂತು ಚಿಪ್ಪು ಬಿಡಿಸುತ್ತಿದ್ದ ಹುಡುಗಿಯರು ಬಸುರಿಯರಾದಾಗ, ಆಸ್ಪತ್ರೆಗೆ ಜೊತೆಗೆ ಬನ್ನಿ ಎಂದು ಕರೆಯುತ್ತಿದ್ದರಂತೆ. ಹಾಗೆ ಹೋಗಿ ಹೋಗಿ, ಆಮೇಲೆ ಬೂಸಾನ್ ನಗರದಲ್ಲಿ ತರಬೇತಿ ಪಡೆದು ಡೌಲಾ ಆದರು. ಡೌಲಾ ಎಂದರೆ ಹೆರಿಗೆ ಮಾಡಿಸುವವರಲ್ಲ, ಹೆರುವವಳ ಜೊತೆಗಿರುವವರು. ನಾವೆಲ್ಲ ಅವರನ್ನು ಚಿಕ್ಕಮ್ಮ ಎಂದೇ ಕರೆಯುವುದು.

ನನ್ನ ಮೊದಲ ಹೆರಿಗೆ ಬೇರೆ ಊರಿನಲ್ಲಾಯಿತು. ಇದ್ದಕ್ಕಿದ್ದಂತೆ ಮಂಚ ತಳ್ಳಿಕೊಂಡು ಹೋದರು, ಮುಖಕ್ಕೆ ಏನೋ ಇಟ್ಟರು. ಎಚ್ಚರವಾದಾಗ ತಣ್ಣನೆಯ ಕೋಣೆಯಲ್ಲಿ ನಾನೊಬ್ಬಳೇ. ಮಗು ಬದುಕಿದೆಯೇ ಎಂದು ಕೇಳಲು ಕೂಡ ಪಕ್ಕದಲ್ಲಿ ಯಾರೂ ಇರಲಿಲ್ಲ. ಮಗಳು ಚೆನ್ನಾಗಿಯೇ ಇದ್ದಳು. ಆದರೆ ಆ ಹೊತ್ತು ನನ್ನೊಳಗೆ ಹಾಗೆಯೇ ಉಳಿದುಬಿಟ್ಟಿತು. ಎರಡನೆಯ ಸಲ ಬಸುರಿಯಾದಾಗ ಚಿಕ್ಕಮ್ಮನ ಹತ್ತಿರ ಕೇಳಿದ್ದು ಒಂದೇ: ನನ್ನನ್ನು ಒಬ್ಬಳನ್ನೇ ಬಿಡಬಾರದು. ಅವರು ಆಗಲಿ ಎಂದರು.

ಹಿಂದಿನ ಕಾಲದಲ್ಲಿ ಹೆರಿಗೆ ಕೋಣೆಗೆ ಹೋಗುವ ಹೆಂಗಸು, ಮೆಟ್ಟಿಲುಗಲ್ಲಿನ ಮೇಲೆ ಬಿಟ್ಟ ತನ್ನ ಪಾದರಕ್ಷೆಗಳನ್ನು ಒಮ್ಮೆ ತಿರುಗಿ ನೋಡುತ್ತಿದ್ದಳಂತೆ, ಇವನ್ನು ಮತ್ತೆ ಮೆಟ್ಟುತ್ತೇನೋ ಇಲ್ಲವೋ ಎಂದು. ಅದಕ್ಕೇ ಚಿಕ್ಕಮ್ಮ ಬಸುರಿಯರ ಶೂಗಳನ್ನು ಮಂಚದ ಪಕ್ಕ, ತುದಿ ಬಾಗಿಲ ಕಡೆ ಇರುವಂತೆ ಇಡುತ್ತಾರೆ, ಎದ್ದು ಮೆಟ್ಟಿಕೊಂಡು ಹೊರಟುಹೋಗಲಿ ಎಂದು. ಹೆರಿಗೆ ವಾರ್ಡಿನ ಮುಖ್ಯ ನರ್ಸ್ ಪ್ಯೊ ಜಂಗ್ರಾನ್ ಅವರಿಗೆ ನೆಲದ ಮೇಲೆ ಒಂದು ಕಡ್ಡಿ ಇದ್ದರೂ ಆಗುವುದಿಲ್ಲ. ಅವರು ಶೂಗಳನ್ನು ಕಪಾಟಿಗೆ ಸೇರಿಸುವುದು, ಇವರು ಮತ್ತೆ ತೆಗೆದಿಡುವುದು. ಇದು ನಡೆದೇ ಇತ್ತು. ನನ್ನ ನೀಲಿ ಕ್ಯಾನ್ವಾಸ್ ಶೂಗಳಿಗೂ ಅದೇ ಆಯಿತು.

“ಗುಮ್‌ಶಿಲ್ ಅಕ್ಕ, ಇದೇನು ಹೆರಿಗೆ ಕೋಣೇನೋ ಶೂ ಅಂಗಡೀನೋ?” ಎಂದರು ನರ್ಸ್.

“ಅಂಗಡಿ ಆಗಿದ್ರೆ ಮೊದಲು ನಿಮಗೇ ಒಂದು ಜೊತೆ ಕೊಡ್ತಿದ್ದೆ ಸಿಸ್ಟರ್. ನಿಮ್ಮದರ ಹಿಮ್ಮಡಿ ಸವೆದುಹೋಗಿದೆ.”

ಬಾಯಿ ಹೀಗೆ ಜಗಳವಾಡುತ್ತಿದ್ದರೂ ಕೈಗಳ ನಡುವೆ ಜಗಳವಿರಲಿಲ್ಲ. ನೋವು ಏರುವ ಮೊದಲೇ ನರ್ಸ್ ಯಂತ್ರದ ಗೆರೆ ನೋಡಿ ಚಿಕ್ಕಮ್ಮನಿಗೆ ಕಣ್ಸನ್ನೆ ಮಾಡುತ್ತಿದ್ದರು. ಆ ಸೊಟ್ಟ ಹೆಬ್ಬೆರಳು ನನ್ನ ಸೊಂಟದ ಸರಿಯಾದ ಜಾಗದ ಮೇಲೆ ಆಗಲೇ ಕೂತಿರುತ್ತಿತ್ತು. ಅವರ ಬೆನ್ನು ಬಾಗಬಾರದೆಂದು ನರ್ಸ್ ಕೇಳದೆಯೇ ಮಂಚ ಎತ್ತರಿಸಿಕೊಟ್ಟರು.

ಸಂಜೆ ಹೊತ್ತಿಗೆ ಮಗುವಿನ ಎದೆಬಡಿತ ಇಳಿಯತೊಡಗಿತು. ಕೂಡಲೇ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಆಪರೇಷನ್ ಕೋಣೆಯ ಮುಂದೆ ನೆಲದ ಮೇಲೊಂದು ಹಳದಿ ಗೆರೆ ಇದೆ. ಅದನ್ನು ಡೌಲಾ ದಾಟುವಂತಿಲ್ಲ, ನನ್ನ ಗಂಡನೂ ದಾಟುವಂತಿಲ್ಲ. ನಾನು ಚಿಕ್ಕಮ್ಮನ ತೋಳು ಬಿಡಲಿಲ್ಲ. ಅವರು ಒಳಗೆ ಬಿಡಿ ಎಂದು ಯಾರನ್ನೂ ಬೇಡಲಿಲ್ಲ. ನನ್ನ ಎಡಗೈಯನ್ನು ಮೆಲ್ಲಗೆ ಬಿಡಿಸಿ ನರ್ಸ್ ಕೈಗಿಟ್ಟರು.

“ಸಿಸ್ಟರ್, ಇವಳಿಗೆ ಧೈರ್ಯ ಹೇಳ್ಬೇಡಿ. ಏನು ಮಾಡ್ತಾರೋ ಅದನ್ನ ಮೊದಲೇ ಹೇಳ್ತಾ ಹೋಗಿ, ಸಾಕು. ಕೈ ಮಾತ್ರ ಬಿಡ್ಬೇಡಿ.”

“ಕೈ ಬಿಡದೆ ನಾನು ಕೆಲಸ ಹೇಗೆ ಮಾಡ್ಲಿ?” ಎಂದು ಗೊಣಗಿದವರು, ಇನ್ನೊಬ್ಬ ನರ್ಸನ್ನು ಕರೆದು ತಮ್ಮ ಕೆಲಸ ಒಪ್ಪಿಸಿದರು. ಹೋಗುತ್ತಾ ಆಯಾಗೆ ಏನೋ ಪಿಸುಗುಟ್ಟಿದರು.

“ನಾನು ಗೆರೆ ಈಚೆ ಇಲ್ಲೇ ಇರ್ತೀನಿ ಕಣೇ,” ಎಂದರು ಚಿಕ್ಕಮ್ಮ.

ಈ ಸಲ ನನಗೆ ಎಚ್ಚರವಿತ್ತು. ಸೊಂಟದ ಕೆಳಗೆ ಮಾತ್ರ ಮರಗಟ್ಟಿತ್ತು, ಕಣ್ಣೆದುರು ಹಸಿರು ಪರದೆ. ಬಸ್ಸಿನಲ್ಲಿ ಸ್ಟಾಪುಗಳ ಹೆಸರು ಕೂಗುವವರ ಹಾಗೆ ನರ್ಸ್ ಒಂದೊಂದನ್ನೇ ಹೇಳುತ್ತಾ ಹೋದರು. ಈಗ ತಣ್ಣಗೆ ಒರೆಸುತ್ತಾರೆ. ಈಗ ಎಳೆದಂತಾಗುತ್ತದೆ. ಈಗ ತಲೆ ಬಂತು. ಆಮೇಲೆ ಕೋಣೆಯಲ್ಲಿ ಸದ್ದಿಲ್ಲ. ನಾನು ಅವರ ಕೈ ಹಿಂಡಿದೆ.

“ಇನ್ನೂ ಅತ್ತಿಲ್ಲ,” ಎಂದರು ಅವರು. “ಬಾಯಿ ಒರೆಸ್ತಿದಾರೆ. ಬೆನ್ನು ಉಜ್ಜುತ್ತಿದಾರೆ.”

ಅವರು ಮುಚ್ಚಿಡಲಿಲ್ಲ. ಮುಚ್ಚಿಡದೆ ಇದ್ದುದಕ್ಕೇ ನಾನು ಉಸಿರಾಡಿದೆ.

“ಈಗ ಅಳ್ತಾನೆ, ನೋಡು,” ಎಂದರು. ಮಗ ಅತ್ತ.

ಗೆರೆಯ ಈಚೆಗಿನ ಕೋಣೆಗೆ ತಂದು ಮಲಗಿಸಿದಾಗ ತಲೆ ಹೊರಳಿಸಿದೆ. ಮೇಜಿನ ಮೇಲೊಂದು ಪಾರದರ್ಶಕ ಚೀಲ; ಅದರೊಳಗೆ ನನ್ನ ನೀಲಿ ಶೂಗಳು, ತುದಿ ಬಾಗಿಲ ಕಡೆಗೆ. ಆಯಾಗೆ ಪಿಸುಗುಟ್ಟಿದ್ದು ಇದನ್ನೇ. ಅಷ್ಟರಲ್ಲಿ ಒಳಗೆ ಬಂದ ಚಿಕ್ಕಮ್ಮ ಚೀಲವನ್ನು ನೋಡಿದರು, ನರ್ಸ್ ಮುಖ ನೋಡಿದರು.

“ನೆಲಕ್ಕೆ ತಾಗಿಲ್ಲ,” ಎಂದರು ನರ್ಸ್, ಮಗುವಿಗೆ ಬಟ್ಟೆ ಸುತ್ತುತ್ತಲೇ.

ಒಂದು ಶೂ ಕೊಂಚ ವಾಲಿತ್ತು. ಚಿಕ್ಕಮ್ಮ ಚೀಲದ ಹೊರಗಿನಿಂದಲೇ ಅದನ್ನು ನೆಟ್ಟಗೆ ಮಾಡಿದರು.

ಮನೆಗೆ ಹೊರಡುವ ದಿನ ನನ್ನ ಪಾದಗಳು ಊದಿಕೊಂಡಿದ್ದವು. ಎಡಗಾಲಿಗೆ ಚಿಕ್ಕಮ್ಮ, ಬಲಗಾಲಿಗೆ ನರ್ಸ್ ಕೂತು ಶೂ ಏರಿಸಲು ನೋಡಿದರು. ಆಗಲಿಲ್ಲ. ಇಬ್ಬರೂ ನಕ್ಕರು. ಕೊನೆಗೆ ಶೂಗಳ ಹಿಮ್ಮಡಿ ಮಡಚಿ ತುಳಿದುಕೊಂಡೇ ಹೋಗಲಿ ಎಂದು ತೀರ್ಮಾನವಾಯಿತು. ಇಬ್ಬರ ಭುಜ ಹಿಡಿದು, ಶೂ ಎಳೆಯುತ್ತಾ ಬಾಗಿಲು ದಾಟಿದೆ.

ಅವುಗಳ ಹಿಮ್ಮಡಿಯ ಮಡಿಕೆ ಇವತ್ತಿಗೂ ಹಾಗೇ ಇದೆ. ಬಿಡಿಸಲು ನನಗೆ ಮನಸ್ಸಿಲ್ಲ.